ಬಂಡಿಯವನನ್ನು ಎಬ್ಬಿಸುವುದು

ಬಂದಳಿಕೆ
10–11–1957

ಕೆಂಪನಿಗೆ,

ಕಾಗದದ ತಲೆಗೆ ಕ್ಷೇಮ ಸಮಾಚಾರ ಬರೆಯಬೇಕು ಅಂತ ಮೇಷ್ಟ್ರು ಹೇಳಿಕೊಟ್ಟಿದ್ದರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಬರೆಯದಿದ್ದರೆ ಈಗ ಯಾರೂ ಬಂದು ಬೆತ್ತ ಎತ್ತುವುದಿಲ್ಲ.

ನೀನು ಮನೆ ಬಿಟ್ಟು ಏಳು ತಿಂಗಳು. ಮದರಾಸಿನಲ್ಲಿದ್ದೀಯ ಅಂತ ಗೊತ್ತಾಗಿದ್ದು ನಿನ್ನಿಂದಲ್ಲ, ಶಿಕಾರಿಪುರದ ಕುಬ್ರಾ ಬೀಯಿಂದ. ಅವಳ ಮಗ ಅಬ್ದುಲ್ ರಹೀಂ, ನಮ್ಮ ಬಯಲಾಟಕ್ಕೆ ಉಡುಪು ಹೊಲಿಯುತ್ತಿದ್ದ ದರ್ಜಿ, ಈಗ ಅಲ್ಲಿ ಸಿನಿಮಾ ಕಂಪನಿಯಲ್ಲಿ ಹೊಲಿಯುತ್ತಾನಂತೆ. ನೀನು ಅವನ ಕೋಣೆಯಲ್ಲೇ ಇದ್ದೀಯಂತೆ. ಹೆತ್ತ ಅಪ್ಪ ಇನ್ನೊಬ್ಬರ ಬಾಗಿಲಲ್ಲಿ ನಿಂತು ಮಗನ ವಿಳಾಸ ಕೇಳುವ ಹಾಗಾಯಿತು. ಕುಬ್ರಾ ಬೀ ಚಹಾ ಕೊಟ್ಟಳು. ಕುಡಿದೆ. ವಿಳಾಸ ಬರೆಸಿಕೊಂಡು ಬಂದೆ.

ಸಿನಿಮಾದಲ್ಲಿ ಬಂಡಿಯವನ ಪಾತ್ರ ಮಾಡುತ್ತೀಯಂತೆ. ವಾರಕ್ಕೊಂದು ಬಂಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯನನ್ನು ತಿನ್ನುವ ಆ ಪುರಾಣದ ರಾಕ್ಷಸನ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಅವನ ವೇಷವನ್ನು ನನ್ನಪ್ಪ ಹಾಕಿದ. ನಾನು ಇಪ್ಪತ್ತೆರಡು ವರ್ಷ ಹಾಕಿದೆ. ನನ್ನ ಮೊಣಕಾಲು ಹೋದ ಮೇಲೆ ನೀನು ಹಾಕಿದೆ. ಮೂವರೂ ‘ಬಂಡಿಯವನು’ ಅಂದೆವೇ ಹೊರತು ಹೆಸರು ಹಿಡಿಯಲಿಲ್ಲ. ಕಟ್ಟಳೆ ಎರಡೇ. ರಾಕ್ಷಸನ ಹೆಸರು ಹೇಳಬಾರದು. ವೇಷ ಹಾಕಿದವನ ಹೆಸರು ಕರೆಯದೆ ಬಿಡಬಾರದು. ಸತ್ತು ಬೋರಲು ಬಿದ್ದವನನ್ನು ಮನೆಯವರು ಯಾರಾದರೂ ಬಂದು, ಹುಟ್ಟಿದ ಹೆಸರು ಹಿಡಿದು ಮೂರು ಸಲ ಕರೆಯಬೇಕು. ಮೂರನೆಯದಕ್ಕೆ ಅವನು ‘ಓ’ ಅನ್ನಬೇಕು. ಆಮೇಲೆ ಏಳುವುದು, ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆಯುವುದು. ಅಲ್ಲಿಯ ತನಕ ಬಿದ್ದಿರುವವನು ಯಾರು ಅಂತ ಗೊತ್ತಿಲ್ಲ ಅನ್ನುತ್ತಿದ್ದ ನನ್ನಪ್ಪ.

ಅಲ್ಲಿ ನಿನ್ನನ್ನು ಯಾರು ಕರೆಯುತ್ತಾರೆ? ಕಂಪನಿಯವರಾ?

ಹೋದ ಯುಗಾದಿಯ ಆಟದಲ್ಲಿ ಆದದ್ದನ್ನು ನಾನು ಬರೆಯುವುದಿಲ್ಲ.

ನಿನ್ನವ್ವ ವರದಮ್ಮ ಒಲೆ ಮುಂದೆ ಕೂತು “ಬೈದು ಬರೀಬ್ಯಾಡ್ರೀ” ಅನ್ನುತ್ತಿದ್ದಾಳೆ. ಅವಳಿಗೆ ಓದಲು ಬರುವುದಿಲ್ಲ. ನನ್ನ ಪೆನ್ಸಿಲು ಒತ್ತುವುದನ್ನು ನೋಡಿಯೇ ಬೈಗುಳವೋ ಅಲ್ಲವೋ ಹೇಳಿಬಿಡುತ್ತಾಳೆ.

ಸಿಟ್ಟು ಇನ್ನೂ ಇಳಿಯದ ನಿನ್ನಪ್ಪ,
ದೊಡ್ಡಬೀರಪ್ಪ

◆

ಮದರಾಸು
2–12–1957

ಅಪ್ಪನಿಗೆ ಕೆಂಪಪ್ಪನ ನಮಸ್ಕಾರ.

ನಿನ್ನ ಕಾಗದ ಬಂತು. ರಹೀಂ ಅದನ್ನು ಕೈಯಲ್ಲಿ ತೂಗಿ, “ನಿಮ್ಮಪ್ಪನ ಕಾಗದ ಮುಟ್ಟಿದ್ರೆ ಕೈ ಸುಡ್ತದಲ್ಲೋ” ಅಂದ. ಆದರೆ ನಾನು ಅದನ್ನು ನಾಲ್ಕು ಸಲ ಓದಿದೆ.

ಚಿತ್ರದ ಹೆಸರು ಕರಾಳಗಿರಿ. ಕಥೆ ಬಂಡಿಯವನದೇ, ಆದರೆ ಪೂರ್ತಿ ಮಗುಚಿ ಹಾಕಿದ್ದಾರೆ. ನಮ್ಮ ಆಟದಲ್ಲಿ ಅವನು ಹುಟ್ಟುತ್ತಲೇ ರಾಕ್ಷಸ. ಇಲ್ಲಿ ಮೊದಲು ಮನುಷ್ಯ. ಬರ ಬಿದ್ದ ವರ್ಷ, ಇವನೊಬ್ಬ ಹತ್ತು ಜನರ ಅನ್ನ ತಿನ್ನುತ್ತಾನೆ ಅಂತ ಊರವರೇ ಗುಹೆಗೆ ತಳ್ಳಿ ಬಾಯಿಗೆ ಬಂಡೆ ಉರುಳಿಸುತ್ತಾರೆ. ಕತ್ತಲಲ್ಲಿ ಹಸಿದು ಹಸಿದು ಮೈತುಂಬ ಕೂದಲು ಬಂದು, ಒಂದು ದಿನ ಬಂಡೆ ಒಡೆದು ಹೊರಬೀಳುತ್ತಾನೆ. ಎರಡು ಕತ್ತಿಯ ರಾಜಕುಮಾರನೊಬ್ಬ ಅವನ ಬೆನ್ನು ಹತ್ತುತ್ತಾನೆ. ಏಳು ಕಾಳಗ. ಮನುಷ್ಯನಾಗಿರುವ ತನಕ ದೊಡ್ಡ ನಟ. ರಾಕ್ಷಸನಾದ ಮೇಲೆ ನಾನು. ಜಿಗಿಯುವುದು, ಬೀಳುವುದು, ಏಟು ತಿನ್ನುವುದು ಎಲ್ಲ ನನ್ನದು. ಮುಖ ಕಾಣುವುದಿಲ್ಲ. ಹೆಸರೂ ಹಾಕುವುದಿಲ್ಲವಂತೆ.

ಬಣ್ಣ ಇಲ್ಲಪ್ಪ ಇಲ್ಲಿ, ತೊಗಲು. ಗೋಣಿಯ ಮೇಲೆ ಎಮ್ಮೆ ಕೂದಲು ಅಂಟಿಸಿ ರಹೀಂ ಹೊಲಿದದ್ದು. ಗುಂಡಿಯೂ ಇಲ್ಲ, ಲಾಡಿಯೂ ಇಲ್ಲ. ಬೆಳಿಗ್ಗೆ ನನ್ನನ್ನು ಒಳಗೆ ನಿಲ್ಲಿಸಿ ಬೆನ್ನಿಗೆ ಹೊಲಿಗೆ ಹಾಕುತ್ತಾನೆ, ಸಂಜೆ ಅವನೇ ಕತ್ತರಿಸಿ ಬಿಚ್ಚುತ್ತಾನೆ. ನಡುವೆ ಒಂದಕ್ಕೆ ಬಂದರೆ ಮೂರು ಲೋಕ ನಡುಗಿಸುವ ರಾಕ್ಷಸ ದರ್ಜಿಯ ಕೈಕಾಲು ಹಿಡಿಯಬೇಕು.

ಕರೆಯುವ ವಿಚಾರ ಕೇಳಿದ್ದೀಯ. ಪ್ರತಿ ಸಲ ಬಿದ್ದಾಗಲೂ ನಾನು ಬೋರಲು ಮಲಗಿಯೇ ಇರುತ್ತೇನೆ. ರಹೀಂ ಬಂದು ಮೂರು ಸಲ ಕರೆಯುತ್ತಾನೆ. ಮೊದಮೊದಲು ಕಂಪನಿಯವರು ನಗುತ್ತಿದ್ದರು. ಈಗ ಅವರಿಗೂ ರೂಢಿಯಾಗಿದೆ. ಅವನು ಕರೆಯುವ ತನಕ ಯಾರೂ ಹತ್ತಿರ ಬರುವುದಿಲ್ಲ. ಆದರೆ ರಹೀಂ ಮನೆಯವನಲ್ಲ. ಅದು ನನಗೂ ಗೊತ್ತು, ಅವನಿಗೂ ಗೊತ್ತು.

ಯುಗಾದಿಯದನ್ನು ನೀನು ಬರೆಯುವುದಿಲ್ಲ ಅಂದೆ. ನಾನು ಬರೆಯುತ್ತೇನೆ. ಟೂರಿಂಗ್ ಟಾಕೀಸಿನಲ್ಲಿ ನೋಡಿದ ಹಾಗೆ ರಂಗದ ಮೇಲಿಂದ ಪಲ್ಟಿ ಹೊಡೆದು ಸತ್ತೆ. ಜನ ಸಿಳ್ಳೆ ಹಾಕಿದರು. ನಿನಗೆ ಅದು ಸೇರಲಿಲ್ಲ. ಅವ್ವ ಸೊರಬದ ತವರಿಗೆ ಹೋಗಿದ್ದಳು, ಇದ್ದಿದ್ದರೆ ಅವಳಾದರೂ ಬರುತ್ತಿದ್ದಳು. ನಾನು ಬೋರಲು ಬಿದ್ದು ಕಾದೆ. ನೀನು ವೇಷದ ಪೆಟ್ಟಿಗೆಯ ಮೇಲೆ ಕೂತು ಅಡಿಕೆ ಕತ್ತರಿಸುವ ಸದ್ದು ಕೇಳಿಸುತ್ತಿತ್ತು. ಗ್ಯಾಸ್‌ಲೈಟು ತೆಗೆದುಕೊಂಡು ಹೋದರು. ಚಾಪೆ ಸುತ್ತುವವರು ಬಂದರು. ನೀನು ಕರೆಯಲಿಲ್ಲ.

ಅವ್ವನಿಗೆ ಹೇಳು, ಊಟಕ್ಕೆ ತೊಂದರೆ ಇಲ್ಲ. ಹೋದ ವಾರ ಸ್ವಲ್ಪ ಜ್ವರ ಬಂದಿತ್ತು, ಈಗ ಇಲ್ಲ.

ಕೆಂಪಪ್ಪ

◆

ಬಂದಳಿಕೆ
20–1–1958

ಕೆಂಪನಿಗೆ,

ತಿನ್ನುವವನಿಗೆ ಕಾರಣ ಯಾಕೋ? ಬಂಡಿಯವನು ತಿನ್ನುತ್ತಾನೆ, ಸಾಯುತ್ತಾನೆ. ನೂರು ವರ್ಷದಿಂದ ಜನ ಅದನ್ನು ಕೂತು ನೋಡಿದ್ದಾರೆ. ಪಾಪ ಅವನಿಗೂ ಹಸಿವಾಗಿತ್ತು ಅಂತ ಯಾರೂ ಎದ್ದು ಹೋಗಲಿಲ್ಲ. ನಿಮ್ಮ ಕಂಪನಿಯವರು ರಾಕ್ಷಸನನ್ನು ಬಡವನನ್ನು ಮಾಡಲು ಹೊರಟಿದ್ದಾರೆ. ನಾಳೆ ಹುಲಿಗೂ ಒಂದು ಗೋಳಿನ ಕಥೆ ಕಟ್ಟುತ್ತಾರೆ.

ಮುಖ ಕಾಣದ ಮೇಲೆ ಅದು ಎಂಥ ಪಾತ್ರ? ನಮ್ಮ ಆಟದಲ್ಲಿ ಬಣ್ಣದ ಒಳಗಿರುವವನು ಇಂಥ ಮನೆಯವನು ಅಂತ ಕೂತವರಿಗೆಲ್ಲ ಗೊತ್ತಿರುತ್ತದೆ. ಅದಕ್ಕೇ ಹೆದರಿ ಚೀರಿದ ಮಕ್ಕಳು ಮಾರನೇ ದಿನ ನಮ್ಮ ಮನೆಗೇ ಬಂದು ಮಜ್ಜಿಗೆ ಕುಡಿದು ಹೋಗುತ್ತವೆ.

ನಿನ್ನ ಕಾಗದವನ್ನು ನಿನ್ನವ್ವನಿಗೆ ಓದಿ ಹೇಳುವಾಗ ಯುಗಾದಿಯದನ್ನು ಹಾರಿಸಿದೆ. “ಅಲ್ಲೇನೋ ನುಂಗಿದ್ರಿ” ಅಂದಳು. ಇಲ್ಲ ಅಂದೆ. “ಊರವರು ನಂಗೆ ಹೋದ ವರ್ಷನೇ ಹೇಳಿದಾರೆ. ನೀವು ಕರೀಲಿಲ್ಲ” ಅಂದಳು. ಅವತ್ತಿಡೀ ಎಮ್ಮೆ ಜೊತೆ ಮಾತಾಡಿದಳು, ನನಗೆ ಕೇಳಿಸುವ ಹಾಗೆ.

ಈ ಯುಗಾದಿಗೆ ನೀನು ಬರಬೇಕು. ಬರದಿದ್ದರೆ ವೇಷವನ್ನು ಚೌಡಪ್ಪನಿಗೆ ಕೊಡುತ್ತೇನೆ. ಅವನು ಬಿದ್ದರೆ ಭತ್ತದ ಚೀಲ ಬಿದ್ದ ಹಾಗೆ. ಬೀಳಲಿ. ಅವನ ಅಪ್ಪನಾದರೂ ಬಂದು ಕರೆಯುತ್ತಾನೆ.

ಕರೆಯಲಿಲ್ಲ ಅನ್ನುತ್ತೀಯಲ್ಲ, ನೀನು ಬಂದರೆ ತಾನೇ ಕರೆಯುವುದು?

ದೊಡ್ಡಬೀರಪ್ಪ

◆

ಮದರಾಸು
3–3–1958

ಅಪ್ಪನಿಗೆ,

ಯುಗಾದಿಗೆ ಬರಲು ಆಗುವುದಿಲ್ಲ. ಯುಗಾದಿ ಕಳೆದು ಎರಡು ವಾರಕ್ಕೆ ಬರುತ್ತೇನೆ. ಇನ್ನು ಒಂದೇ ಕಾಳಗ ಬಾಕಿ, ಕೊನೆಯದು. ಬೆಟ್ಟದ ತುದಿಯಿಂದ ರಾಜಕುಮಾರ ತಳ್ಳುತ್ತಾನೆ, ಕೆಳಗೆ ಬೆಂಕಿ. ಬೆಟ್ಟ ಮರದ್ದು. ಬೆಂಕಿಯ ಮಗ್ಗುಲಲ್ಲಿ ಹುಲ್ಲು, ಹತ್ತಿ, ಒದ್ದೆ ಗೋಣಿ ಹಾಸುತ್ತಾರೆ. ತೊಗಲಿನ ಕಣ್ಣಿನ ತೂತು ಸಣ್ಣದು, ಕೆಳಗೆ ಏನೂ ಕಾಣುವುದಿಲ್ಲ. ಲೆಕ್ಕ ಹಿಡಿದು ಬೀಳಬೇಕು. ಮೂರು ದಿನದಿಂದ ಅಭ್ಯಾಸ ಮಾಡುತ್ತಿದ್ದೇನೆ.

ನಿನ್ನ ಹತ್ತಿರ ಒಂದು ಕೇಳುತ್ತೇನೆ. ಇದೇ ತಿಂಗಳು ಹದಿಮೂರನೇ ತಾರೀಖು, ಗುರುವಾರ, ಮಧ್ಯಾಹ್ನ ಮೂರು ಗಂಟೆಗೆ ಬೀಳುವುದು. ಆ ಹೊತ್ತಿಗೆ ನೀನು ಕಲ್ಲುಗುಡಿ ಮುಂದಿನ ಬಯಲಲ್ಲಿ ನಿಂತು ಮೂರು ಸಲ ನನ್ನನ್ನು ಕರೆ. ಇಲ್ಲಿಗೆ ಕೇಳಿಸುವುದಿಲ್ಲ, ನಾನೇನು ಹುಚ್ಚನಲ್ಲ. ಆದರೆ ನೀನು ಕರೆದಿದ್ದೀಯ ಅಂತ ನನಗೆ ಗೊತ್ತಿರುತ್ತದೆ. ಅವತ್ತು ಬಾಯಿ ಬಿಡಬೇಡ ಅಂತ ರಹೀಮನಿಗೆ ಹೇಳಿದ್ದೇನೆ. ಇವತ್ತು ಅಪ್ಪ ಕರೆಯುತ್ತಾನೆ ಅಂತ ಎಲ್ಲರಿಗೂ ಹೇಳಿದ್ದೇನೆ.

ನಿನ್ನ ಸಿಟ್ಟು ಹಾಗೇ ಇರಲಿ. ಕರೆಯುವಷ್ಟು ಹೊತ್ತು ಮಾತ್ರ ಪಕ್ಕಕ್ಕಿಡು.

ನಿನ್ನ ಮಗ,
ಕೆಂಪಪ್ಪ

◆

ಬಂದಳಿಕೆ
17–3–1958

ಕೆಂಪಾ,

ನಿನ್ನ ಕಾಗದ ಎಂಟನೇ ತಾರೀಖೇ ಬಂದಿತ್ತು. ತೆಳ್ಳಗಿತ್ತು. ತೆಳ್ಳಗಿದ್ದರೆ ಬರುವುದಿಲ್ಲ ಅಂತಲೇ ಬರೆದಿರುತ್ತಾನೆ ಅಂದುಕೊಂಡೆ. ಒಡೆಯದೆ ಜಂತಿಗೆ ಸಿಕ್ಕಿಸಿದೆ. ನಿನ್ನವ್ವ ದಿನಾ “ಓದ್ರೀ, ಓದ್ರೀ” ಅಂದಳು. “ಅವನು ಏಳು ತಿಂಗಳು ನಮ್ಮನ್ನು ಕಾಯಿಸಿದ, ಅವನ ಕಾಗದ ಏಳು ದಿನ ಕಾಯಲಿ” ಅಂದೆ.

ಹದಿಮೂರನೇ ತಾರೀಖು ನಾನು ಆನವಟ್ಟಿ ಸಂತೆಯಲ್ಲಿದ್ದೆ. ಚೌಡಪ್ಪನಿಗೆ ಅಂತ ಬಣ್ಣ ಕೊಳ್ಳಲು ಹೋಗಿದ್ದೆ. ಮೂರು ಗಂಟೆಗೆ ಏನು ಮಾಡುತ್ತಿದ್ದೆ ಅಂತ ನೆನಪು ಮಾಡಿಕೊಂಡೆ. ಅಂಗಡಿಯವನ ಹತ್ತಿರ ಇಂಗಳೀಕದ ಕೆಂಪು ಸರಿಯಿಲ್ಲ ಅಂತ ಜಗಳ ಮಾಡುತ್ತಿದ್ದೆ.

ನಿನ್ನೆ ಒಡೆದೆ.

ಓದಿ ನಿಂತ ಕಾಲಲ್ಲೇ ಬಯಲಿಗೆ ಹೋಗಿ ಕರೆದೆ. ಮೂರು ದಿನ ತಡವಾಗಿ ಕರೆದರೆ ಏನು ಅಂತ ನಮ್ಮ ಕಟ್ಟಳೆಯಲ್ಲಿ ಹೇಳಿಲ್ಲ. ದನ ಕಾಯುತ್ತಿದ್ದ ಮಂಜಪ್ಪ ಓಡಿ ಬಂದು, “ಏನ್ ಮಾವಾ, ಕೆಂಪ ಬಂದ್ನಾ?” ಅಂದ. ಅವನ ನಾಯಿಯೂ ಬಂತು. ಮತ್ತೆ ಯಾರೂ ಬರಲಿಲ್ಲ.

ಬಿದ್ದದ್ದು ಹೇಗಾಯಿತು, ಒಂದು ಕಾರ್ಡು ಹಾಕು. ಬೈಯಬೇಕಿದ್ದರೆ ಬೈದು ಬರೆ.

ಅಪ್ಪ

◆

ಮದರಾಸು
2–5–1958

ಬೀರಪ್ಪ ಕಾಕಾ ಅವರಿಗೆ ಅಬ್ದುಲ್ ರಹೀಂ ಮಾಡುವ ಸಲಾಂ.

ನೀವು ಕೆಂಪಣ್ಣನಿಗೆ ಬರೆದ ಕಾಗದ, ಆಮೇಲೆ ಬರೆದ ನಾಲ್ಕು ಕಾರ್ಡು, ಎಲ್ಲ ನನ್ನ ಹತ್ತಿರ ಇವೆ. ಆರು ವಾರದಿಂದ ಬರೆಯಲು ಕೂರುತ್ತಿದ್ದೇನೆ. ಸೂಜಿ ಹಿಡಿದ ಕೈಗೆ ಪೆನ್ನು ಇಷ್ಟು ಭಾರ ಅಂತ ಗೊತ್ತಿರಲಿಲ್ಲ.

ಕೆಂಪಣ್ಣ ಇಲ್ಲ, ಕಾಕಾ.

ಹದಿಮೂರನೇ ತಾರೀಖೇ ಹೋದ. ಹಾಸಿದ್ದ ಗೋಣಿಯ ಅಂಚಿಗೆ ಬಿದ್ದ. ಅವನು ಬಿದ್ದ ರೀತಿ ನೋಡಿ ಎಲ್ಲರೂ ಚಪ್ಪಾಳೆ ತಟ್ಟಿದರು. ಎಂದಿನಂತೆ ಬೋರಲು ಮಲಗಿದ್ದ. ಎಂದಿನಂತೆ ಯಾರೂ ಹತ್ತಿರ ಹೋಗಲಿಲ್ಲ. ನಾನು ಹೆಜ್ಜೆ ಎತ್ತಿದೆ. ಬೆಳಿಗ್ಗೆ ಹೊಲಿಗೆ ಹಾಕುವಾಗ “ಇವತ್ತು ನೀನು ಕರೀಬ್ಯಾಡ, ನಮ್ಮಪ್ಪ ಕರೀತಾನೆ, ನಾನು ಮನಸ್ಸಲ್ಲೇ ಓ ಅಂದು ಏಳ್ತೀನಿ” ಅಂದಿದ್ದು ನೆನಪಾಗಿ ನಿಂತೆ. ಎಲ್ಲರೂ ಕಾದೆವು. ಒಬ್ಬ ಬೀಡಿ ಹಚ್ಚಿದ. ಆ ಬೀಡಿ ಮುಗಿಯಿತು. ಇವತ್ತು ಅವರಪ್ಪ ನಿಧಾನವಾಗಿ ಕರೆಯುತ್ತಿರಬೇಕು ಅಂತ ಯಾರೋ ತಮಾಷೆ ಮಾಡಿದರು. ನಾನೂ ನಕ್ಕೆ.

ಆಮೇಲೆ ಹೆದರಿಕೆಯಾಗಿ ಓಡಿದೆ. ನಾನು ಮನೆಯವನಲ್ಲ, ಆದರೂ ಕರೆದೆ. ಮೂರು ಸಲವಲ್ಲ, ಎಷ್ಟೋ ಸಲ ಕರೆದೆ. ಕತ್ತರಿ ಹಿಡಿದು ಬೆನ್ನಿನ ಹೊಲಿಗೆ ಬಿಚ್ಚಿದೆ. ಒಳಗೆ ಇನ್ನೂ ಬಿಸಿ ಇತ್ತು. ತಕ್ಷಣ ತಿರುಗಿಸಿದ್ದರೆ ಏನಾಗುತ್ತಿತ್ತು ಅಂತ ಡಾಕ್ಟರನ್ನು ಕೇಳಿದೆ. ಅವರು ಹೇಳಿದ್ದನ್ನು ನಾನು ನಿಮಗೆ ಬರೆಯುವುದಿಲ್ಲ.

ನಿಮ್ಮಲ್ಲಿ ಮಣ್ಣು ಮಾಡುತ್ತಾರೆ ಅಂತ ಅವನೇ ಒಂದು ದಿನ ಹೇಳಿದ್ದ. ಹಟ ಹಿಡಿದು ಮಣ್ಣೇ ಮಾಡಿಸಿದೆ. ತಲೆ ಯಾವ ದಿಕ್ಕಿಗೆ ಅಂತ ಗೊತ್ತಾಗಲಿಲ್ಲ, ತಪ್ಪಾಗಿದ್ದರೆ ಕ್ಷಮಿಸಿ.

ಅವತ್ತು ಸಂಜೆ ಇನ್ನೊಂದು ಕೆಲಸ ಆಯಿತು. ಅದನ್ನು ಈಗ ಬರೆಯಲಾರೆ.

ಮುಖ ತೋರಿಸಲಾರದ,
ರಹೀಂ

◆

ಬಂದಳಿಕೆ
12–5–1958

ರಹೀಮನಿಗೆ,

ಓದಿದೆ.

ಬೈಯಬೇಕು ಅಂತ ಪೆನ್ಸಿಲು ಹಿಡಿದೆ. ಯಾರನ್ನು ಬೈಯಬೇಕು ಅಂತ ಗೊತ್ತಾಗಲಿಲ್ಲ. ಜಂತಿ ನೋಡುತ್ತಾ ಕೂತೆ.

ವರದಮ್ಮ ಕೊಟ್ಟಿಗೆಯಿಂದ ಬಂದು “ಏನಂತೆ?” ಅಂದಳು. “ಕೆಲಸ ಮುಗಿದಿಲ್ಲವಂತೆ” ಅಂದೆ. ಬಾಯಿಗೆ ಅಷ್ಟೇ ಬಂತು. ಒಂದು ಸಲ ಹಾಗಂದ ಮೇಲೆ ಹಿಂದಕ್ಕೆ ಹೋಗಲಾಗಲಿಲ್ಲ. ನಲವತ್ತು ವರ್ಷ ಎಲ್ಲರಿಗೂ ಮುಖಕ್ಕೆ ಹೊಡೆದ ಹಾಗೆ ಹೇಳಿದವನು ನಾನು. ಇದೊಂದು ಮಾತು ಹೇಳಲು ಬಾಯಿ ಏಳುತ್ತಿಲ್ಲ. ಹನ್ನೊಂದನೇ ದಿನದ ಕೆಲಸವೂ ಆಗಲಿಲ್ಲ. ಮಾಡಿದರೆ ಅವಳಿಗೆ ತಿಳಿಯುತ್ತದೆ.

ನಿನ್ನಿಂದ ಒಂದು ಆಗಬೇಕು. ತಿಂಗಳಿಗೊಂದು ಖಾಲಿ ಕಾಗದ ಮಡಿಸಿ ಅಂಚೆಗೆ ಹಾಕು. ಏನೂ ಬರೆಯಬೇಡ. ಅಂಚೆಯವನು ನಮ್ಮ ಮನೆಗೆ ಬರುವುದನ್ನು ಅವಳು ನೋಡಬೇಕು.

ನಿಮ್ಮ ತಾಯಿಗೂ ಹೇಳಬೇಡ. ಇಬ್ಬರೂ ಸಂತೆಯಲ್ಲಿ ಸೇರುತ್ತಾರೆ.

ದೊಡ್ಡಬೀರಪ್ಪ

◆

ಬಂದಳಿಕೆ
22–2–1959

ರಹೀಮನಿಗೆ,

ಒಂಬತ್ತು ಖಾಲಿ ಕಾಗದ ಬಂದವು. ಒಂಬತ್ತನ್ನೂ ವರದಮ್ಮನಿಗೆ ಓದಿ ಹೇಳಿದೆ. ಕೆಂಪ ಬರೆದ ಎರಡು ಕಾಗದ ನನಗೆ ಬಾಯಿಪಾಠ, ಅದರಲ್ಲೇ ಹಿಂದೆ ಮುಂದೆ ಮಾಡಿ ಹೇಳುತ್ತಿದ್ದೆ. ದೀಪಾವಳಿ ಹೊತ್ತಿಗೆ ಅವಳು, “ಇದೇನ್ರೀ, ಮೂರ್ ಸಲ ಜ್ವರ ಬಂತು ಅವ್ನಿಗೆ, ಮೂರ್ ಸಲನೂ ಹೋದ ವಾರನೇ ಬಂದಿತ್ತಾ?” ಅಂದಳು. ಅಲ್ಲಿಂದ ಜ್ವರ ಬಿಟ್ಟೆ.

ಆ ಚಿತ್ರ ಬಂತು. ಶಿಕಾರಿಪುರದ ಟೆಂಟಿಗೆ. ನಿಮ್ಮ ತಾಯಿಯೇ ಹೇಳಿ ಕಳಿಸಿದರು, ನನ್ನ ಮಗ ಹೊಲಿದದ್ದು, ನಿಮ್ಮ ಮಗ ತೊಟ್ಟದ್ದು, ಇಬ್ಬರೂ ಬನ್ನಿ, ನಮ್ಮ ಮನೆಯಲ್ಲೇ ಉಳಿಯಿರಿ ಅಂತ. ವರದಮ್ಮನನ್ನು ತಡೆಯಲು ನಾನು ಏನು ಹೇಳಲಿ? ಮೊಣಕಾಲು ನೋವು ಅಂದೆ. “ನೀವು ಇರ್ರಿ, ನಾನೊಬ್ಳೇ ಹೋಗ್ತೀನಿ” ಅಂದಳು. ಮೂಟೆಯ ಹಾಗೆ ಹಿಂದೆ ಹೋದೆ.

ಬಸ್ಸಿನಲ್ಲಿ ಕೂತ ಮೇಲೆ ಹೇಳಿದಳು. “ಅವತ್ತು ನೀವು ಕರೀಲಿಲ್ಲ. ಇವತ್ತು ನಾನು ಕರೀತೀನಿ.”

“ಹುಚ್ಚಿ, ಅದು ಬಟ್ಟೆ ಮೇಲೆ ಬೀಳೋ ಬೆಳಕು” ಅಂದೆ.

“ಬೆಳಕಿನೊಳಗೆ ಇರೋನು ನನ್ ಮಗ ಅಲ್ವಾ?” ಅಂದಳು.

ಟೆಂಟಿನಲ್ಲಿ ಗಂಡಸರು ಈಚೆ, ಹೆಂಗಸರು ಆಚೆ, ನಡುವೆ ಎದೆಮಟ್ಟದ ಗೋಡೆ. ಅವಳು ನಿಮ್ಮ ತಾಯಿಯ ಜೊತೆ ಆ ಕಡೆ ಹೋಗಿ ಮರಳಲ್ಲಿ ಕೂತಳು. ನಾನು ಈ ಕಡೆ. ಕೈ ಹಿಡಿದು ಕೂರಿಸಲೂ ಆಗದ ಹಾಗೆ.

ಚಿತ್ರ ಚೆನ್ನಾಗಿಲ್ಲ ಅಂತ ಬರೆಯೋಣ ಅಂದುಕೊಂಡಿದ್ದೆ. ಆ ಊರವರು ಬಂಡೆ ಉರುಳಿಸಿ ಹೋದ ಮೇಲೆ ಅವನು ಒಳಗಿಂದ ಒಬ್ಬೊಬ್ಬರ ಹೆಸರು ಹಿಡಿದು ಕೂಗುತ್ತಾನಲ್ಲ, ಯಾರೂ ತಿರುಗಿ ಅವನ ಹೆಸರು ಕೂಗುವುದಿಲ್ಲವಲ್ಲ, ಅಲ್ಲಿ ನಾನು ಎದ್ದು ಹೊರಗೆ ಹೋದೆ. ಬೀಡಿ ಹಚ್ಚಿದೆ. ನಿನ್ನ ಕಾಗದದ ಬೀಡಿ ನೆನಪಾಗಿ ಎಸೆದೆ. ಮತ್ತೆ ಒಳಗೆ ಬಂದೆ.

ಕೆಂಪನನ್ನು ನೋಡಿದ ಕೂಡಲೇ ಗುರುತು ಹತ್ತಿತು. ಎಡಗಾಲು ಊರುವ ರೀತಿ ನನ್ನಪ್ಪನದು. ತೊಗಲಿನ ಮೇಲಿಂದಲೂ ಕಂಡಿತು. ಏಳು ಕಾಳಗದಲ್ಲೂ ಏಟು ತಿಂದ. ಪ್ರತಿ ಏಟಿಗೂ ಜನ ಹೋ ಅಂತ ಕೂಗಿದರು. ನನ್ನ ಪಕ್ಕದವನು ನನ್ನ ತೊಡೆಯ ಮೇಲೇ ಗುದ್ದಿ, “ಹಾಕು, ಹಾಕು ಅವ್ನಿಗೆ!” ಅಂದ.

ಬೆಟ್ಟದ ಮೇಲಿಂದ ಬಿದ್ದ. ನೀನು ಬರೆದ ಹಾಗೇ ಬಿದ್ದ. ನಾನು ಒಬ್ಬನೇ ಆ ಟೆಂಟಿನಲ್ಲಿ, ಅದು ಏನು ಅಂತ ಗೊತ್ತಿದ್ದವನು. ಮುನ್ನೂರು ಜನ ಚಪ್ಪಾಳೆ ತಟ್ಟುತ್ತಿದ್ದರು. ನಿಲ್ಲಿಸಿ ಅನ್ನಲಾ? ಯಾರನ್ನು ನಿಲ್ಲಿಸಲಿ? ಮಿಷನ್ನು ಓಡಿಸುವವನನ್ನಾ?

ಆಗ ಹೆಂಗಸರ ಕಡೆ ವರದಮ್ಮ ಎದ್ದು ನಿಂತಳು. “ಕೆಂಪಪ್ಪಾ!” ಅಂದಳು. “ಏ ಅಜ್ಜಿ, ಕೂತ್ಕಾ!” ಅಂದರು. “ಕೆಂಪಪ್ಪಾ!” ಅಂದಳು. “ರಾಕ್ಷಸನ ಅವ್ವ ಬಂದಾಳ್ರೋ” ಅಂತ ಒಬ್ಬ ಕೂಗಿದ, ಟೆಂಟೆಲ್ಲ ನಕ್ಕಿತು. “ಕೆಂಪಪ್ಪಾ!” ಅಂದಳು ಮೂರನೇ ಸಲ.

ರಾಕ್ಷಸ ತಲೆ ಎತ್ತಿದ.

ಬೆಂಕಿಯ ಪಕ್ಕದಲ್ಲಿ ಬೋರಲು ಬಿದ್ದವನು ಕೈಯೂರಿ, ತಲೆ ಎತ್ತಿ, ನಮ್ಮ ಕಡೆಯೇ ನೋಡಿ, ಬಾಯಿ ತೆರೆದು ದೊಡ್ಡದಾಗಿ ಕೂಗಿದ. ಆಮೇಲೆ ಮತ್ತೆ ತಲೆ ಇಟ್ಟ. ಚಿತ್ರ ಮುಗಿಯಿತು.

ಹೊರಗೆ ಬಂದವಳ ಮುಖ ನೋಡಬೇಕಿತ್ತು ನೀನು. “ಓ ಅಂದ. ಕೇಳಿಸ್ತಾ ನಿಮಗೆ?” ಅಂದಳು. ಕೇಳಿಸಿತು ಅಂದೆ. ನಿಮ್ಮ ತಾಯಿಯೂ ಅವಳ ಕೈ ಹಿಡಿದು, “ಕೂಗಿದ್ರಿ, ಎದ್ದಾ ನೋಡ್ರೀ!” ಅಂತ ಮಗುವಿನ ಹಾಗೆ ನಕ್ಕರು. ಮಾರನೇ ದಿನ ವರದಮ್ಮ ಒಂದು ಸೀಸೆ ಕೊಬ್ಬರಿ ಎಣ್ಣೆ ಕಟ್ಟಿ, ಕೆಂಪನಿಗೆ ಅಂತ ನಿನಗೆ ಕಳಿಸಲು ಅವರ ಕೈಗೆ ಕೊಟ್ಟಳು. ಅಲ್ಲಿ ಬಣ್ಣ ತೆಗೆಯಲು ಯಾರಿದ್ದಾರೆ ಅಂತ. ಈಗ ದಿನಾ ಮಧ್ಯಾಹ್ನ ಆನವಟ್ಟಿ ಕಡೆಯ ದಾರಿ ನೋಡುತ್ತಾಳೆ. ಎದ್ದವನು ಬರಲೇಬೇಕು ಅನ್ನುತ್ತಾಳೆ. ಮೊದಲು ಬರೀ ಕಾಯುತ್ತಿದ್ದಳು. ಈಗ ನಂಬಿದ್ದಾಳೆ.

ನಾನು ಕೆಂಪ ಸತ್ತ ತಾರೀಖು ಬಲ್ಲವನು. ಬಿದ್ದ ಮೇಲೆ ಅವನು ಏಳಲಿಲ್ಲ ಅಂತ ನೀನೇ ಬರೆದಿದ್ದೀಯ. ಹಾಗಾದರೆ ಎದ್ದವನು ಯಾರು? ಎಡಗೈ ಊರಿ ಎದ್ದ. ನಮ್ಮವನು ಬಲಗೈ ಊರುವವನು. ಸುತ್ತಿ ಬಳಸದೆ ಬರೆ.

ದೊಡ್ಡಬೀರಪ್ಪ

◆

ಮದರಾಸು
5–3–1959

ಕಾಕಾ,

ನಾನೇ.

ಆಸ್ಪತ್ರೆಯ ಗಾಡಿ ಹೋದ ಮೇಲೆ ಕಂಪನಿಯವರು ಕರೆದರು. ಸಾಯುವ ಮುಂಚೆ ರಾಕ್ಷಸ ಒಮ್ಮೆ ತಲೆ ಎತ್ತುವುದು ಬಾಕಿ ಇತ್ತು. ಬೆಂಕಿ ಇನ್ನೂ ಉರಿಯುತ್ತಿತ್ತು. ಬೆಳಗಾದರೆ ಆ ಬೆಟ್ಟ ಒಡೆದು ಬೇರೆ ಚಿತ್ರದವರಿಗೆ ಜಾಗ ಬಿಡಬೇಕಿತ್ತು. ಕತ್ತರಿ ಬಿದ್ದು ಹರಿದ ತೊಗಲನ್ನು ಸರಿಯಾಗಿ ಹೊಲಿಯಲು ಬರುವುದು ನನಗೊಬ್ಬನಿಗೆ. ಹೊಲಿದೆ. ತೊಡಲು ಯಾರೂ ಒಪ್ಪಲಿಲ್ಲ. ಹೊಲಿದವನೇ ತೊಡಲಿ ಅಂದರು. ನಾನು ಕುಳ್ಳ, ತೋಳಿಗೆಲ್ಲ ಹತ್ತಿ ತುಂಬಿದರು. ನಾನು ಒಳಗೆ ನಿಂತ ಮೇಲೆ ಬೆನ್ನಿಗೆ ಒರಟಾಗಿ ಹೊಲಿಗೆ ಹಾಕಿದವನು ಯಾರೋ ಬಡಗಿ. ಒಳಗೆ ಕೆಂಪಣ್ಣನ ಬೆವರು ಆರಿರಲಿಲ್ಲ. ಕೂಗು ಅಂದರು. ಅವರು ಹೇಳದಿದ್ದರೂ ಕೂಗುತ್ತಿದ್ದೆ.

ಸೀನು ಮುಗಿದು ಬೋರಲು ಮಲಗಿದೆ. ಏಳಬೇಕು ಅನ್ನಿಸಲಿಲ್ಲ. ಅವನ ರೂಢಿ ನನಗೂ ಹತ್ತಿತ್ತೋ ಏನೋ. ದೀಪ ಆರಿಸಿದರು. ಯಾರೂ ಬರಲಿಲ್ಲ. ಆಮೇಲೆ ನಾನೇ ಎದ್ದು, ಮೈ ಕೊಡವಿ ಬೆನ್ನಿನ ಹೊಲಿಗೆ ಹರಿದುಕೊಂಡು ಹೊರಗೆ ಬಂದೆ. ಅಂದಿನಿಂದ ನನಗೆ ಊರಿಗೆ ಬರಲು ಆಗಿಲ್ಲ. ಅಮ್ಮ ಕಾರಣ ಕೇಳುತ್ತಾರೆ. ರಜೆ ಇಲ್ಲ ಅನ್ನುತ್ತೇನೆ. ನೀವು ವರದಮ್ಮ ಚಿಕ್ಕಮ್ಮನಿಗೆ ಹೇಳುವ ಸುಳ್ಳಿನ ಹಾಗೇ ನನ್ನದೂ.

ಎಣ್ಣೆ ಸೀಸೆ ಬಂತು. ಕಿಟಕಿಯಲ್ಲಿ ಇಟ್ಟಿದ್ದೇನೆ. ವಾಪಸು ಕಳಿಸಲಾ, ಏನು ಮಾಡಲಿ?

ಚಿಕ್ಕಮ್ಮ ಕರೆದದ್ದಕ್ಕೆ ತಲೆ ಎತ್ತಿದವನು ನಾನು. ಅವರ ಮಗನ ಜಾಗದಲ್ಲಿ ಮಲಗಿದ್ದಕ್ಕೆ ನೀವು ಏನು ಬೈದರೂ ಸರಿ.

ರಹೀಂ

◆

ಬಂದಳಿಕೆ
14–3–1959

ರಹೀಮನಿಗೆ,

ನಿನ್ನ ಕಾಗದ ಓದಿ ಎರಡು ದಿನ ಬೈದೆ. ಕೊಟ್ಟಿಗೆಯಲ್ಲಿ ನಿಂತು ಬೈದೆ. ನಿನ್ನನ್ನೂ, ನಿನ್ನ ಕಂಪನಿಯನ್ನೂ, ಬರಗಾಲದ ಕಥೆ ಕಟ್ಟಿದವನನ್ನೂ. ಅವನ ಮೈಬಿಸಿ ಆರದ ತೊಗಲಿಗೆ ಸೂಜಿ ಹಾಕಲು ನಿನಗೆ ಕೈ ಹೇಗೆ ಬಂತು ಅಂತ ಬರೆಯಲು ಕೂತೆ. ಕಾಗದ ಬಂದು ಎಂಟು ದಿನ ಒಡೆಯದವನು ಕೇಳುವ ಮಾತಲ್ಲ ಅದು. ಹರಿದು ಹಾಕಿದೆ. ಇದು ಎರಡನೇ ಕಾಗದ.

ನಿನ್ನೆ ಹದಿಮೂರನೇ ತಾರೀಖು, ವರ್ಷ ತುಂಬಿತು. ಇಲ್ಲಿ ಏನೂ ಮಾಡುವ ಹಾಗಿಲ್ಲ. ವರದಮ್ಮ ಹಬ್ಬಕ್ಕೆ ಅಂತ ಅವನ ಪಂಚೆ ಒಗೆದು ಹಾಕಿದಳು. ಬಿಸಿಲಲ್ಲಿ ಅದು ಒಣಗುವುದನ್ನು ನೋಡುತ್ತಾ ಕೂತೆ. “ಗಾಳಿಗೆ ಹಾರ್‍ತದೆ, ಒಂದು ಕಲ್ಲಿಡ್ರೀ” ಅಂದಳು. ಇಟ್ಟೆ. ಅಷ್ಟೇ ನಾನು ಮಾಡಿದ ಕರ್ಮ. ಅವಳಿಗೆ ಹೇಳಲು ನನ್ನಿಂದ ಆಗಿಲ್ಲ. ಆಗುವುದೂ ಇಲ್ಲ. ಈ ತಿಂಗಳ ಖಾಲಿ ಕಾಗದ ಇನ್ನೂ ಬಂದಿಲ್ಲ, ಮರೆಯಬೇಡ.

ಎಣ್ಣೆ ವಾಪಸು ಕಳಿಸಬೇಡ. ತೊಗಲಿನೊಳಗೆ ಹೋಗಿ ಬಂದವನು ನೀನು. ಒಂದು ವರ್ಷದಿಂದ ಹಾಗೇ ಇದ್ದೀಯ. ತಲೆಗೂ ಮುಖಕ್ಕೂ ಹಚ್ಚಿಕೊಂಡು ಬಿಸಿನೀರು ಹಾಕಿಕೋ. ಅದಕ್ಕೆ ಮೊದಲು ಆಗಬೇಕಾದದ್ದು ಒಂದಿದೆ. ಅದನ್ನು ಮನೆಯವರೇ ಮಾಡಬೇಕು. ಎರಡು ಸಲ ಕರೆಯದೆ ಬಿಟ್ಟಿದ್ದೇನೆ, ಮೂರನೆಯದನ್ನು ಬಿಡುವುದಿಲ್ಲ.

ಅಬ್ದುಲ್ ರಹೀಂ.

ಅಬ್ದುಲ್ ರಹೀಂ.

ಅಬ್ದುಲ್ ರಹೀಂ.

ಬರೆದು ಕರೆದರೆ ಆಗುತ್ತದೋ ಇಲ್ಲವೋ, ಕೇಳೋಣ ಅಂದರೆ ನನ್ನಪ್ಪ ಇಲ್ಲ. ಅದಕ್ಕೇ ಕಲ್ಲುಗುಡಿ ಮುಂದಿನ ಬಯಲಲ್ಲಿ ನಿಂತು ಬಾಯಲ್ಲೂ ಕರೆದು ಬಂದೆ. ಮಂಜಪ್ಪ ದನ ಬಿಟ್ಟು ಓಡಿ ಬಂದ. “ಈಗ್ಯಾರು ಮಾವಾ?” ಅಂದ. “ನಮ್ಮನೆಯವನು” ಅಂದೆ.

ಎದ್ದೇಳು. ಓ ಅಂತ ಬರೆ. ಬಂದ ದಿನವೇ ಒಡೆದು ಓದುತ್ತೇನೆ.

ದೊಡ್ಡಬೀರಪ್ಪ